ಏನದು? ಯಾರದು? ಮುಗಿಲಿನಿಂದ ಇಳಿದದ್ದಕ್ಕೆ ಕನ್ನಡದಲ್ಲಿ ಹೆಸರಿಡುವ ಬಗೆ

ಕೆಲವು ವರ್ಷಗಳ ಹಿಂದೆ ನಾನೊಂದು ವಿಜ್ಞಾನ ಕತೆ ಬರೆದೆ. ವಿಜಯಪುರದ ಹತ್ತಿರ, ಡೋಣಿ ದಂಡೆಯ ಒಂದು ಹೊಲ. ಎಳ್ಳ ಅಮವಾಸ್ಯೆಯ ರಾತ್ರಿ. ಒಬ್ಬ ಅಜ್ಜ ಬಿಳಿಜೋಳ ಕಾಯುತ್ತಾ ಮಲಗಿದ್ದಾನೆ. ಕತೆಯ ಮೊದಲ ಸಾಲು ಹೀಗಿತ್ತು: "ಅನ್ಯಗ್ರಹದ ವ್ಯೋಮನೌಕೆಯೊಂದು ಹೊಲದ ನಡುವೆ ಇಳಿಯಿತು."

ನಮ್ಮ ಸೋದರಮಾವ ಓದಿದರು. ಹೊಲ ಮಾಡಿದ ಮನುಷ್ಯ. ಕತೆ ಮುಗಿಸುವ ತನಕ ಕಾಯಲಿಲ್ಲ, ಮೊದಲ ಸಾಲಿಗೇ ನಿಲ್ಲಿಸಿದರು. "ಅಲ್ಲೋ, ಕತ್ತಲದಾಗ ಮುದುಕಗ ಅದು ಬ್ಯಾರೆ ಗ್ರಹದ್ದು ಅಂತ ಯಾರು ಹೇಳಿದ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಜ್ಜ ಕಂಡದ್ದು ಒಂದು ಬೆಳಕು, ಒಂದು ಸಪ್ಪಳ. ಉಳಿದದ್ದೆಲ್ಲ ನಾನು ಅವನ ಬಾಯಿಗೆ ತುರುಕಿದ್ದೆ. ಆ ಒಂದು ಸಾಲಿನಲ್ಲೇ ಕತೆಯ ಗುಟ್ಟೂ ಹೋಯ್ತು, ಹೆದರಿಕೆಯೂ ಹೋಯ್ತು.

ಆವತ್ತಿನಿಂದ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ನೋಡುವವನಿಗೆ ಎಷ್ಟು ಗೊತ್ತೋ, ಪದಕ್ಕೂ ಅಷ್ಟೇ ಗೊತ್ತಿರಬೇಕು. ಅದನ್ನು ಹೇಗೆ ಮಾಡುವುದು ಅಂತ ಇಲ್ಲಿ ಹೇಳುತ್ತೇನೆ. ಕತೆ ಬರೆಯುವ ಮಕ್ಕಳಿಗೂ ಆಗುತ್ತದೆ, ಬರೆಸುವ ಸರ್‌ಗಳಿಗೂ ಆಗುತ್ತದೆ.

ಮೊದಲು: ಹಾಳೆಗೆ ಮೂರು ಕಾಲಂ

ನೋಟ್‌ಬುಕ್ಕಿನ ಒಂದು ಹಾಳೆಯನ್ನು ಮೂರು ಕಾಲಂ ಮಾಡಿ. ಒಂದರಲ್ಲಿ ಕಣ್ಣಿಗೆ ಕಂಡದ್ದು. ಎರಡನೆಯದರಲ್ಲಿ ಊರು ಏನನ್ನುತ್ತದೆ ಅನ್ನೋದು. ಮೂರನೆಯದರಲ್ಲಿ ತಿಳಿದವರು, ಅಂದರೆ ಪ್ರಯೋಗಾಲಯದವರು ಏನನ್ನುತ್ತಾರೆ ಅನ್ನೋದು.

ನನ್ನ ಹಾಳೆಯಲ್ಲಿ ಮೊದಲ ಕಾಲಂ: "ಹಸಿರು ಬೆಳಕಿನ ಗೆರೆ, ಆಮೇಲೆ ಗುಡುಗು." ಎರಡನೆಯದು: "ಚುಕ್ಕಿ ಉದುರಿತು." ಮೂರನೆಯದು: "ಉಲ್ಕೆ." ಮೂರೂ ಒಂದೇ ಘಟನೆ. ಕತೆ ಮೊದಲ ಕಾಲಂನಲ್ಲಿ ಶುರುವಾಗಿ, ನಿಧಾನಕ್ಕೆ ಮೂರನೆಯದಕ್ಕೆ ಹೋಗಬೇಕು. ಕೆಲವು ಒಳ್ಳೆಯ ಕತೆಗಳು ಮೂರನೆಯದಕ್ಕೆ ಹೋಗುವುದೇ ಇಲ್ಲ, ಅದೂ ನಡೆಯುತ್ತದೆ. ಆದರೆ ಮೂರನೆಯ ಕಾಲಂನಿಂದ ಶುರು ಮಾಡಿದರೆ ನನ್ನ ಕತೆಯ ಗತಿಯೇ ಆಗುತ್ತದೆ.

ಕಲ್ಲಿನ ಹೆಸರುಗಳನ್ನು ಸರಿಯಾಗಿ ಕಲಿಯಿರಿ

ಮುಗಿಲಿನಿಂದ ಬೀಳುವುದರಲ್ಲಿ ಕಲ್ಲೇ ಜಾಸ್ತಿ. ಅದರ ಹೆಸರುಗಳಲ್ಲೇ ಎಲ್ಲರೂ ಎಡವುತ್ತಾರೆ.

ಸೂರ್ಯನ ಸುತ್ತ ಸುತ್ತುವ ಬಂಡೆ ಕ್ಷುದ್ರಗ್ರಹ. ಅದರ ಚೂರೊಂದು ನಮ್ಮ ಗಾಳಿಗೆ ಬಂದು ಉರಿಯುವಾಗ ಕಾಣುವ ಬೆಳಕು ಉಲ್ಕೆ. ಉರಿದು ಮುಗಿಯದೆ ನೆಲ ಮುಟ್ಟಿದರೆ ಉಲ್ಕಾಶಿಲೆ. ಒಬ್ಬಳೇ ಹೆಣ್ಣುಮಗಳು ತವರಲ್ಲಿ ಮಗಳು, ಗಂಡನ ಮನೆಯಲ್ಲಿ ಸೊಸೆ ಆಗೋದಿಲ್ವಾ, ಹಾಗೆ. ಎಲ್ಲಿದೆ ಅನ್ನುವುದರ ಮೇಲೆ ಹೆಸರು. ಹೀಗಾಗಿ "ಉಲ್ಕೆಯನ್ನು ಕೈಯಲ್ಲಿ ಹಿಡಿದ" ಅಂತ ಬರೆದರೆ ಬೆಳಕನ್ನು ಹಿಡಿದ ಹಾಗಾಯಿತು.

ಧೂಮಕೇತು ಬೇರೆ. ಅದು ಮಂಜುಗಡ್ಡೆ, ದೂಳಿನ ಮುದ್ದೆ. ಸೂರ್ಯನ ಹತ್ತಿರ ಬಂದಾಗ ಬಾಲ ಬಿಡುತ್ತದೆ. ಆದರೆ ರಾತ್ರಿಯಿಂದ ರಾತ್ರಿಗೆ ಸರಿಯುತ್ತದೆಯೇ ಹೊರತು ಸರ್ರನೆ ಹಾಯುವುದಿಲ್ಲ. ಇದಕ್ಕೆ ಬಾಲಚುಕ್ಕಿ ಅಂತಲೂ ಹೇಳುತ್ತೇವೆ. ಎರಡರಲ್ಲಿ ಯಾವುದು? ನನಗೆ ಕೇಳಿದರೆ, ಹೆದರಿದ ಪಾತ್ರಕ್ಕೆ ಧೂಮಕೇತು, ಖುಷಿಯಾದ ಪಾತ್ರಕ್ಕೆ ಬಾಲಚುಕ್ಕಿ. ಧೂಮಕೇತು ಅಂದರೆ ಕೇಡು ಅನ್ನುವ ಹಳೆಯ ವಾಸನೆ ಆ ಪದಕ್ಕೆ ಇನ್ನೂ ಇದೆ.

ಬೀಳುವ ರೀತಿಯೂ ಸರಿ ಇರಲಿ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಬಂದ ಬಂಡೆ ಸುಮಾರು 20 ಮೀಟರ್ ಅಗಲ ಇತ್ತು. ನಮ್ಮ ಗೋಳಗುಮ್ಮಟದ ಗುಮ್ಮಟದ ಅರ್ಧದಷ್ಟು. ಅದು ನೆಲಕ್ಕೆ ಬಡಿಯಲಿಲ್ಲ, ಸುಮಾರು 30 ಕಿಲೋಮೀಟರ್ ಮೇಲೆಯೇ ಒಡೆಯಿತು. ಮೊದಲು ಬೆಳಕು, ಸಪ್ಪಳ ಆಮೇಲೆ. ಬೆಳಕು ಕಂಡು ಏನದು ಅಂತ ಕಿಟಕಿಗೆ ಹೋದವರಿಗೆ ತಡವಾಗಿ ಬಂದ ಸಪ್ಪಳ ಗಾಜು ಒಡೆದು ಬಡಿಯಿತು. ಗಾಯಗೊಂಡವರು ಸುಮಾರು 1,500 ಮಂದಿ, ಹೆಚ್ಚಿನವು ಗಾಜಿನ ಗಾಯ. ಅಷ್ಟು ಎತ್ತರದಿಂದ ಸಪ್ಪಳ ಇಳಿಯಲು ಒಂದೂವರೆ ನಿಮಿಷವಾದರೂ ಬೇಕು. ಕತೆಗಾರನಿಗೆ ಒಂದೂವರೆ ನಿಮಿಷ ಅಂದರೆ ಬಂಗಾರ. ಅಜ್ಜ ಎದ್ದು ಕೂರಬಹುದು, ಬೀಡಿ ಹಚ್ಚಬಹುದು, ಏನೂ ಆಗಲಿಲ್ಲ ಅಂತ ಮತ್ತೆ ಮಲಗಲೂಬಹುದು. ಆಮೇಲೆ ಸಪ್ಪಳ.

ಇನ್ನೊಂದು ತಪ್ಪು ಅಂದರೆ ಕೆಂಡದ ಹಾಗೆ ಉರಿಯುವ ಕಲ್ಲು ಹುಲ್ಲಿನ ಬಣವೆಗೆ ಬೆಂಕಿ ಹಚ್ಚುವುದು. ಸಣ್ಣ ಉಲ್ಕಾಶಿಲೆಯ ಬೆಳಕು ಮೇಲೆಯೇ ಆರಿಹೋಗುತ್ತದೆ. ಉಳಿದ ದಾರಿಯನ್ನು ಅದು ಕತ್ತಲಲ್ಲಿ ಸುಮ್ನೆ ಬೀಳುತ್ತದೆ. ಮೇಲೆ ತೆಳ್ಳನೆಯ ಕರಿ ತೊಗಟೆ ಇರುತ್ತದೆ, ರೊಟ್ಟಿ ಹೊತ್ತಿದ ಹಾಗೆ. ಕೈಗೆ ಗಾತ್ರಕ್ಕಿಂತ ಭಾರ. ಸಾಮಾನ್ಯವಾಗಿ ಅಯಸ್ಕಾಂತ ಹಿಡಿಯುತ್ತದೆ.

ಈಗ ನಮ್ಮ ಕಡೆಯ ಮಜಾ ನೋಡಿ. ವಿಜಯಪುರದ ನೆಲದಲ್ಲಿ ಎರೆಮಣ್ಣಿನ ಕೆಳಗೆ ಹಳೆಯ ಜ್ವಾಲಾಮುಖಿಯ ಲಾವಾ ಆರಿ ಆದ ಕರಿಕಲ್ಲು. ಆ ಕಲ್ಲಿಗೂ ಅಯಸ್ಕಾಂತ ಸ್ವಲ್ಪ ಎಳೆಯುತ್ತದೆ. ಅಂದರೆ ತಿಕೋಟಾ ಕಡೆಯ ಹೊಲದಲ್ಲಿ ಉಲ್ಕಾಶಿಲೆ ಬಿದ್ದರೆ ಹುಡುಕುವುದು ಕಷ್ಟ, ಕರಿ ಕಲ್ಲಿನಲ್ಲಿ ಕರಿ ಕಲ್ಲು. ಅದೇ ಬಾದಾಮಿಯ ಕೆಂಪು ಮರಳುಗಲ್ಲಿನ ಮೇಲೆ ಬಿದ್ದರೆ ಕುರಿ ಕಾಯುವ ಹುಡುಗನಿಗೂ ಕಾಣುತ್ತದೆ. ಕಲ್ಲು ಬೇಗ ಸಿಗಬೇಕಾದ ಕತೆಯನ್ನು ಬಾಗಲಕೋಟೆ ಜಿಲ್ಲೆಗೆ ಒಯ್ಯಿರಿ. ಹುಡುಕಾಟವೇ ಕತೆಯಾದರೆ ವಿಜಯಪುರದಲ್ಲೇ ಇರಲಿ. ಒಂದು ಸುಳಿವು: ನಮ್ಮ ಕರಿಕಲ್ಲಿನಲ್ಲಿ ಎಷ್ಟೋ ಕಡೆ ಸಣ್ಣ ಸಣ್ಣ ತೂತು ಇರುತ್ತವೆ. ಉಲ್ಕಾಶಿಲೆಯಲ್ಲಿ ಅಂಥ ತೂತು ಇರುವುದು ಬಹಳ ಅಪರೂಪ. ದೊಡ್ಡ ಗುಂಡಿ ಬೇಕಾದರೆ ಮಹಾರಾಷ್ಟ್ರದ ಲೋಣಾರ್ ಸರೋವರ ನೋಡಿ ಬನ್ನಿ. ಇಂಥದೇ ಕರಿಕಲ್ಲಿನ ನೆಲದಲ್ಲಿ ಆಕಾಶದ ಬಂಡೆಯೊಂದು ಮಾಡಿದ ಗುಂಡಿ, ಅಡ್ಡಳತೆ ಸುಮಾರು 1.8 ಕಿಲೋಮೀಟರ್.

ಏಲಿಯನ್ ಅನ್ನುವ ಮುಂಚೆ ಬೇರೆಯವರನ್ನು ವಿಚಾರಿಸಿ

ಮುಗಿಲಿನಿಂದ ಬಿದ್ದದ್ದೆಲ್ಲ ಮುಗಿಲಿನದ್ದಲ್ಲ. ಹೈದರಾಬಾದಿನಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ದೊಡ್ಡ ಬಲೂನುಗಳಿಗೆ ಉಪಕರಣ ಕಟ್ಟಿ ಹಾರಿಸುತ್ತಾರೆ. ಅವು ಪ್ಯಾರಾಚೂಟಿನಲ್ಲಿ ಇಳಿಯುವುದು ಗಾಳಿ ಒಯ್ದ ಕಡೆ, ಕೆಲವೊಮ್ಮೆ ಉತ್ತರ ಕರ್ನಾಟಕದಲ್ಲೂ. ಹೊಲದಲ್ಲಿ ಬೆಳಗಾಗೆದ್ದು ಕೆಂಪು ದೀಪ ಮಿಣುಕುವ ಪೆಟ್ಟಿಗೆ ಕಂಡರೆ ಯಾರಿಗೂ ಎದೆ ಝಲ್ಲೆನ್ನುತ್ತದೆ.

ವಯಸ್ಸಾದವರಿಗೆ ಸ್ಕೈಲ್ಯಾಬ್ ನೆನಪಿರಬಹುದು. ಅಮೆರಿಕದ ಆ ಅಂತರಿಕ್ಷ ನಿಲ್ದಾಣ ಎಲ್ಲಿ ಬೀಳುತ್ತದೋ ಅಂತ ಹಳ್ಳಿ ಹಳ್ಳಿಯೂ ಆಕಾಶ ನೋಡಿತ್ತು. 1979ರ ಜುಲೈ 11ರಂದು ಅದರ ಚೂರುಗಳು ಬಿದ್ದದ್ದು ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಆಸ್ಟ್ರೇಲಿಯಾದಲ್ಲಿ. ಅಲ್ಲಿನ ಎಸ್ಪೆರನ್ಸ್ ಅನ್ನುವ ಊರಿನವರು ಕಸ ಚೆಲ್ಲಿದ್ದಕ್ಕೆ ನಾಸಾಕ್ಕೆ 400 ಡಾಲರ್ ದಂಡ ಹಾಕಿದರು! ನಮ್ಮ ಗ್ರಾಮ ಪಂಚಾಯಿತಿಯವರೂ ಇದನ್ನೇ ಮಾಡುತ್ತಿದ್ದರು ಅನ್ನಿಸುತ್ತದೆ.

ಕತೆಯಲ್ಲಿ ಇಂಥ ಎರಡು ಮೂರು ಅನುಮಾನಗಳನ್ನು ಮೊದಲು ಬಿಡಿ. ಬಲೂನು ಅಂದರು, ಅಲ್ಲ. ಡ್ರೋನ್ ಅಂದರು, ಅಲ್ಲ. ಹಳೆಯ ಉಪಗ್ರಹದ ಚೂರು ಅಂದರು, ಅದೂ ಅಲ್ಲ. ಆಗ ಉಳಿದದ್ದಕ್ಕೆ ತೂಕ ಬರುತ್ತದೆ.

ಅನುವಾದದ ಪದ ಎತ್ತಿಕೊಳ್ಳುವಾಗ ಅದರ ಹುಟ್ಟು ಕೇಳಿ

1877ರಲ್ಲಿ ಇಟಲಿಯ ಸ್ಕಿಯಾಪರೆಲ್ಲಿ ಮಂಗಳವನ್ನು ದೂರದರ್ಶಕದಲ್ಲಿ ನೋಡಿ ಉದ್ದುದ್ದ ಗೆರೆಗಳಿವೆ ಅಂದ. ಅವನ ಭಾಷೆಯಲ್ಲಿ ಅವನ್ನು "ಕನಾಲಿ" ಅಂದ. ಆ ಪದಕ್ಕೆ ನೀರು ತಾನೇ ಕೊರೆದ ಹಳ್ಳ ಅಂತಲೂ ಆಗುತ್ತದೆ, ಮನುಷ್ಯರು ತೋಡಿದ ಕಾಲುವೆ ಅಂತಲೂ ಆಗುತ್ತದೆ. ಇಂಗ್ಲಿಷಿಗೆ ಹೋದಾಗ ಅದು ಕೆನಾಲ್ ಆಯಿತು. ಕೆನಾಲ್ ಇದ್ದ ಮೇಲೆ ತೋಡಿದವರು ಬೇಕಲ್ಲ? ಅಮೆರಿಕದ ಪರ್ಸಿವಲ್ ಲೊವೆಲ್ ಅರಿಜೋನಾದಲ್ಲಿ ಒಂದು ವೀಕ್ಷಣಾಲಯವನ್ನೇ ಕಟ್ಟಿ, ಒಣಗುತ್ತಿರುವ ಮಂಗಳದ ಜನ ಧ್ರುವದ ನೀರನ್ನು ಹರಿಸಿಕೊಳ್ಳುತ್ತಿದ್ದಾರೆ ಅಂತ ವಾದಿಸಿದ. 1965ರಲ್ಲಿ ಮ್ಯಾರಿನರ್ 4 ಅನ್ನುವ ನೌಕೆ ಹತ್ತಿರ ಹೋಗಿ ಚಿತ್ರ ತೆಗೆಯಿತು. ಕಾಲುವೆಯೂ ಇಲ್ಲ, ತೋಡಿದವರೂ ಇಲ್ಲ.

ನಮ್ಮ ಜಿಲ್ಲೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿಯ ನೀರು ಬಂದಮೇಲೆ "ಕೆನಾಲ್ ಬಂತು" ಅಂತ ಯಾರೂ ಹಳ್ಳಕ್ಕೆ ಹೇಳಲಿಲ್ಲ. ಹಳ್ಳ ಅಂದರೆ ಅದು ತನ್ನಷ್ಟಕ್ಕೆ ಇದ್ದದ್ದು. ಕೆನಾಲ್ ಅಂದರೆ ಅದರ ಹಿಂದೆ ಎಂಜಿನಿಯರ್ ಇದ್ದಾನೆ, ಟೆಂಡರ್ ಇದೆ, ಜಮೀನು ಕಳಕೊಂಡವರಿದ್ದಾರೆ. ನಿಮ್ಮ ಕತೆಯ ಗ್ರಹದಲ್ಲಿ ಒಂದು ಗೆರೆ ಕಂಡರೆ ಅದನ್ನು ಹಳ್ಳ ಅನ್ನುತ್ತೀರೋ ಕಾಲುವೆ ಅನ್ನುತ್ತೀರೋ, ಅಲ್ಲೇ ನಿರ್ಧಾರ ಆಗಿಬಿಡುತ್ತದೆ. ಇನ್ನೂ ಹೇಳಬಾರದು ಅಂತಿದ್ದರೆ "ಗೆರೆ" ಅಂತಲೇ ಬಿಡಿ.

ಹಾರುವ ತಟ್ಟೆಯ ಕತೆ ಇನ್ನೂ ತಮಾಷೆ. 1947ರ ಜೂನ್ 24ರಂದು ಅಮೆರಿಕದ ಕೆನೆತ್ ಆರ್ನಾಲ್ಡ್ ವಿಮಾನದಲ್ಲಿ ಹೋಗುವಾಗ ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡ. ನೀರಿನ ಮೇಲೆ ಬಸಿ ಎಸೆದರೆ ಹೇಗೆ ಕುಪ್ಪಳಿಸುತ್ತದೋ ಹಾಗೆ ಹಾರುತ್ತಿದ್ದವು ಅಂದ. ಅವನು ಹೇಳಿದ್ದು ಹಾರುವ ರೀತಿಯನ್ನು. ಪತ್ರಿಕೆಗಳು ಅದನ್ನು ಆಕಾರ ಮಾಡಿಕೊಂಡವು. ಆಮೇಲೆ ಕಂಡವರಿಗೆಲ್ಲ ಬಸಿಯ ಆಕಾರವೇ ಕಾಣತೊಡಗಿತು! ಕನ್ನಡಕ್ಕೆ ಬರುವಾಗ ಬಸಿ ದೊಡ್ಡದಾಗಿ ತಟ್ಟೆಯಾಯಿತು. ನಮ್ಮ ಕಡೆ ಚಹಾ ಕುಡಿಯುವವರಿಗೆ ಬಸಿ ಗೊತ್ತು, ತಟ್ಟೆ ಬೇರೆ. "ಹಾರುವ ಬಸಿ" ಅಂತ ಒಮ್ಮೆ ಬರೆದು ನೋಡಿ. ಓದುಗ ನಗುತ್ತಾನೆ, ಆದರೆ ಮರೆಯುವುದಿಲ್ಲ. ಗಂಭೀರ ಕತೆಗೆ ಮಾತ್ರ ಇದು ಬೇಡ.

ಕ್ರಿಯಾಪದವೇ ಎಲ್ಲಕ್ಕಿಂತ ದೊಡ್ಡ ಹೆಸರು

ಇದೇ ನನಗೆ ಬಹಳ ತಡವಾಗಿ ತಿಳಿದದ್ದು. ಏಲಿಯನ್ ಅನ್ನಬೇಕೋ, ಅನ್ಯಗ್ರಹ ಜೀವಿ ಅನ್ನಬೇಕೋ ಅಂತ ತಲೆ ಕೆಡಿಸಿಕೊಳ್ಳುತ್ತಿದ್ದೆ. ಆದರೆ ಕನ್ನಡದಲ್ಲಿ ನಾಮಪದಕ್ಕಿಂತ ಮೊದಲೇ ಗುಟ್ಟು ಬಿಡುವುದು ಕ್ರಿಯಾಪದ. ಬಂತು ಅಂದರೆ ವಸ್ತು ಅಥವಾ ಪ್ರಾಣಿ. ಬಂದ ಅಂದರೆ ಗಂಡಸು. ಬಂದರು ಅಂದರೆ ಮಂದಿ, ಇಲ್ಲವೇ ಗೌರವ. ಇಂಗ್ಲಿಷಿನಲ್ಲಿ ಬಂದದ್ದು ಕಲ್ಲಾದರೂ ರಾಜನಾದರೂ ಕ್ರಿಯಾಪದ ಒಂದೇ. ನಮ್ಮಲ್ಲಿ ಹಾಗೆ ತಪ್ಪಿಸಿಕೊಳ್ಳಲು ಆಗೋದಿಲ್ಲ.

ಎಣಿಕೆಯಲ್ಲೂ ಹಾಗೇ. ಎರಡು ಬಂದವು, ಇಬ್ಬರು ಬಂದರು. ಪ್ರಶ್ನೆಯಲ್ಲೂ ಹಾಗೇ. ಏನದು? ಯಾರದು?

ಇದನ್ನು ತೊಡಕು ಅಂದುಕೊಳ್ಳಬೇಡಿ, ಇದೇ ನಮ್ಮ ಬಂಡವಾಳ. ನೋಡಿ:

"ಬದುವಿನ ಮೇಲೆ ಏನೋ ನಿಂತಿತ್ತು. ನಾಯಿ ಬೊಗಳಲಿಲ್ಲ. ಅಜ್ಜ ಬ್ಯಾಟರಿ ಬಿಟ್ಟ. ಅದು ಬೆಳಕಿಗೆ ಕೈ ಅಡ್ಡ ಹಿಡಿಯಿತು. ಅಜ್ಜ ಬ್ಯಾಟರಿ ಕೆಳಗೆ ಮಾಡಿದ. 'ಯಾರ್ರೀ ಅದು?' ಅಂದ."

ಇಲ್ಲಿ ಅನ್ಯಗ್ರಹ ಇಲ್ಲ, ಜೀವಿ ಇಲ್ಲ. "ಏನೋ" ಹೋಗಿ "ಯಾರ್ರೀ" ಬಂತು, ಅಷ್ಟೇ. ಆ "ರೀ" ಬಿದ್ದ ಕ್ಷಣ ಬಂದವರು ಅತಿಥಿ ಆದರು. ಹೊತ್ತಲ್ಲದ ಹೊತ್ತಿನಲ್ಲಿ ಬದುವಿನ ಮೇಲೆ ನಿಂತವರಿಗೆ ನಮ್ಮ ಅಜ್ಜ ಹಾಗೇ ಕೇಳುತ್ತಾನೆ. ಇದೇ ಕತೆಯನ್ನು ಹೆದರಿದ ಹುಡುಗನ ಕಣ್ಣಿನಿಂದ ಬರೆದರೆ ಕೊನೆಯ ತನಕ "ಅದು, ಅದು" ಅಂತಲೇ ಇರಬಹುದು.

ಒಂದು ಎಚ್ಚರಿಕೆ. "ಅದು" ಅಂದರೆ ಕೀಳು ಅಂತಲ್ಲ. ಕೂಸು ಅತ್ತಿತು ಅನ್ನುತ್ತೇವೆ. ಮೈಮೇಲೆ ದೇವರು ಬಂತು ಅನ್ನುತ್ತೇವೆ. ಹಾಗೆಯೇ ಸೂರ್ಯ ಮುಳುಗಿದ, ಚಂದ್ರ ಮೂಡಿದ, ಆದರೆ ಚುಕ್ಕಿ ಮೂಡಿತು. ನಮ್ಮ ಮಾತಿನಲ್ಲಿ ಮುಗಿಲಿನವರು ಅರ್ಧ ಮಂದಿ ಮೊದಲಿನಿಂದಲೂ ಮನುಷ್ಯರೇ. ಹೊಲಕ್ಕೆ ಇಳಿದ ಬೆಳಕನ್ನು ಅಜ್ಜಿಯೊಬ್ಬಳು "ಬಂದಾನ" ಅಂದರೆ ಅದು ತಪ್ಪಲ್ಲ, ಅವಳ ಲೆಕ್ಕವೇ ಬೇರೆ.

ಮಾಡುವ ಕೆಲಸ ಇಷ್ಟು. ಕತೆ ಬರೆದ ಮೇಲೆ ಬಂದದ್ದರ ಕುರಿತ ಎಲ್ಲ ಕ್ರಿಯಾಪದಗಳ ಕೆಳಗೆ ಕೆಂಪು ಗೆರೆ ಎಳೆಯಿರಿ. "ಇತು" ಎಲ್ಲಿ "ಅರು" ಆಯಿತು ಅಂತ ಹುಡುಕಿ. ಆ ಜಾಗದಲ್ಲಿ ಒಂದು ಕಾರಣ ಇರಬೇಕು. ಕಾರಣವಿಲ್ಲದೆ ಆಗಿದ್ದರೆ ಕೈತಪ್ಪು, ತಿದ್ದಿ. ಎಲ್ಲೂ ಆಗಿಲ್ಲ ಅಂದರೆ ಕತೆಯಲ್ಲಿ ಏನೂ ನಡೆದಿಲ್ಲ ಅಂತ ನನ್ನ ಅನುಮಾನ.

ಮಾತಾಡಿಸುವಾಗ ನೀನು ಅನ್ನಬೇಕೋ ನೀವು ಅನ್ನಬೇಕೋ? 1977ರಲ್ಲಿ ಹಾರಿದ ಎರಡು ವಾಯೇಜರ್ ನೌಕೆಗಳಲ್ಲಿ ಬಂಗಾರದ ಲೇಪ ಕೊಟ್ಟ ಗ್ರಾಮಫೋನ್ ತಟ್ಟೆಗಳಿವೆ. ಅದರಲ್ಲಿ 55 ಭಾಷೆಗಳ ಶುಭಾಶಯ ಇದೆ, ಕನ್ನಡವೂ ಇದೆ. ನಮಸ್ತೆ ಹೇಳಿ, ಕನ್ನಡಿಗರ ಪರವಾಗಿ ಶುಭಾಶಯ ಹೇಳುವ ಒಂದೇ ಸಾಲು. ನೀನೂ ಇಲ್ಲ, ನೀವೂ ಇಲ್ಲ. ಎದುರಿಗೆ ಯಾರಿದ್ದಾರೋ ಗೊತ್ತಿಲ್ಲದಾಗ ನಾವು ಬಸ್ಸಿನಲ್ಲೂ ಹೀಗೇ ಮಾಡುತ್ತೇವೆ, ಅಲ್ವಾ?

ಮುಗಿಲಿಗೇ ಎಷ್ಟು ಹೆಸರು

ಇದನ್ನು ಬೇಗ ಮುಗಿಸುತ್ತೇನೆ. ಹೊಲದವರಿಗೆ ಮುಗಿಲು. ಪಾಠಕ್ಕೆ ಆಕಾಶ, ಬಾಹ್ಯಾಕಾಶ. ಪತ್ರಿಕೆಗೆ ಅಂತರಿಕ್ಷ. ಇಸ್ರೋ ಕೆಲಸಕ್ಕೆ ಗಗನ ಮತ್ತು ವ್ಯೋಮ, ಮನುಷ್ಯರನ್ನು ಕಳಿಸುವ ಗಗನಯಾನ, ಅದರ ರೋಬೋಟ್ ವ್ಯೋಮಮಿತ್ರ ಇದ್ದಾವಲ್ಲ. ನಿರೂಪಣೆಗೆ ಒಂದನ್ನು ಹಿಡಿಯಿರಿ, ಬಿಡಬೇಡಿ. ಒಂದೇ ಪುಟದಲ್ಲಿ ಅಂತರಿಕ್ಷ ನೌಕೆ, ಗಗನನೌಕೆ, ವ್ಯೋಮನೌಕೆ ಬಂದರೆ ಮೂರು ನೌಕೆ ಬಂದವು ಅಂತ ಓದುಗ ಎಣಿಸುತ್ತಾನೆ. ಬ್ಲ್ಯಾಕ್ ಹೋಲ್‌ಗೆ ನನಗೆ ಕಪ್ಪುಕುಳಿ ಹಿಡಿಸುತ್ತದೆ, ಕೃಷ್ಣರಂಧ್ರ ಅಂದರೆ ಯಾಕೋ ಕೊಳಲಿನ ತೂತು ನೆನಪಾಗುತ್ತದೆ. ಜ್ಯೋತಿರ್ವರ್ಷ ದೂರದ ಅಳತೆ, ಕಾಲದ್ದಲ್ಲ. ಒಂದು ಜ್ಯೋತಿರ್ವರ್ಷ ಅಂದರೆ ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್. "ನಾಲ್ಕು ಜ್ಯೋತಿರ್ವರ್ಷ ಕಾದ" ಅಂತ ಬರೆದರೆ ನಾಲ್ಕು ಮೈಲಿ ನಿದ್ದೆ ಮಾಡಿದ ಅಂದಂತೆ.

ಹೊಸ ಹೆಸರು ಕಟ್ಟುವಾಗ ವಿಭಕ್ತಿ ಹಚ್ಚಿ ನೋಡಿ

ಗ್ರಹಕ್ಕೆ ಝಾರ್ಕ್ಸ್ ಅಂತ ಹೆಸರಿಟ್ಟ ಕತೆಗಳನ್ನು ತಿದ್ದಿ ತಿದ್ದಿ ನನಗೆ ಸಾಕಾಗಿದೆ. ಹೆಸರು ಇಟ್ಟ ಕೂಡಲೇ ಅದಕ್ಕೆ ಇಂದ, ಅಲ್ಲಿ, ಇಗೆ ಹಚ್ಚಿ. ಝಾರ್ಕ್ಸ್‌ನಿಂದ, ಝಾರ್ಕ್ಸ್‌ಗೆ. ಹಲ್ಲಿಗೆ ಕಲ್ಲು ಸಿಕ್ಕ ಹಾಗೆ. ಓರು ಅಂತ ಇಟ್ಟು ನೋಡಿ: ಓರುವಿನಿಂದ, ಓರುವಿಗೆ. ಸಲೀಸು. ಸ್ವರದಿಂದ ಮುಗಿಯುವ ಹೆಸರು ಕನ್ನಡದ ಬಾಯಿಗೆ ಸುಲಭ.

ನಿಜವಾದ ಹೆಸರುಗಳಿಂದಲೂ ಕಲಿಯಬಹುದು. 2017ರಲ್ಲಿ ಹವಾಯಿಯ ದೂರದರ್ಶಕವೊಂದು ಬೇರೆ ನಕ್ಷತ್ರದ ಕಡೆಯಿಂದ ಬಂದ ಮೊದಲ ವಸ್ತುವನ್ನು ಕಂಡಿತು. ಅದಕ್ಕೆ ಇಟ್ಟದ್ದು ಹವಾಯಿ ಭಾಷೆಯ ಹೆಸರು, ಔಮುವಾಮುವಾ, ದೂರದಿಂದ ಮೊದಲು ಬಂದ ದೂತ ಅನ್ನುವ ಅರ್ಥದ್ದು. ಉಲ್ಕಾಶಿಲೆಗೆ ಬಿದ್ದ ಜಾಗದ ಹೆಸರನ್ನೇ ಇಡುತ್ತಾರೆ. 1865ರಲ್ಲಿ ಬಿಹಾರದ ಶೆರ್ಗಾಟಿಯಲ್ಲಿ ಒಂದು ಬಿತ್ತು. ಅದು ಮಂಗಳ ಗ್ರಹದ ಕಲ್ಲು ಅಂತ ಬಹಳ ಕಾಲದ ಮೇಲೆ ತಿಳಿಯಿತು. ಈಗ ಆ ಬಗೆಯ ಮಂಗಳಶಿಲೆಗೆಲ್ಲ ಜಗತ್ತಿನಾದ್ಯಂತ ಶೆರ್ಗೊಟೈಟ್ ಅನ್ನುತ್ತಾರೆ. ನಿಮ್ಮ ಕತೆಯ ಕಲ್ಲು ಸಿಂದಗಿಯಲ್ಲಿ ಬಿದ್ದರೆ ಅದು ಸಿಂದಗಿ ಉಲ್ಕಾಶಿಲೆ. ಇದಕ್ಕೆ ಕಲ್ಪನೆಯೂ ಬೇಡ, ನಿಯಮವೇ ಹಾಗಿದೆ. ಮಂಗಳದ ಮೇಲಿನ ಸಣ್ಣ ಕುಳಿಗಳಿಗೂ ಭೂಮಿಯ ಸಣ್ಣ ಊರುಗಳ ಹೆಸರಿಡುವುದು ಪದ್ಧತಿ. ದೊಡ್ಡ ಊರಾದ ಬೆಳಗಾವಿಗೆ ಅಲ್ಲಿ ಜಾಗವಿಲ್ಲ, ಬಾದಾಮಿಯಂಥ ಊರಿಗೆ ಸಿಗಬಹುದು!

ಕೊನೆಗೆ ಒಂದು ಪಂಚನಾಮೆ ಬರೆಯಿರಿ

ನಾನು ಮಕ್ಕಳಿಗೆ ಕೊಡುವ ಅಭ್ಯಾಸ ಇದು. ಹೊಲಕ್ಕೆ ಏನೋ ಇಳಿದಿದೆ. ತಲಾಟಿ ಬಂದಿದ್ದಾರೆ, ಪಿಎಸ್‌ಐ ಬಂದಿದ್ದಾರೆ. ಪಂಚರ ಎದುರಿಗೆ ಕಂಡದ್ದನ್ನು ಮಾತ್ರ ಬರೆಯಬೇಕು. ಅನಿಸಿದ್ದು, ಕೇಳಿದ್ದು, ಓದಿದ್ದು ಯಾವುದೂ ಬರುವಂತಿಲ್ಲ. ಅಳತೆ, ಬಣ್ಣ, ದಿಕ್ಕು, ಹೊತ್ತು, ಅಷ್ಟೇ. ವಿಜ್ಞಾನ ಕತೆಗೆ ಇದಕ್ಕಿಂತ ಒಳ್ಳೆಯ ಸಾಣೆ ನನಗೆ ಸಿಕ್ಕಿಲ್ಲ.

ಒಬ್ಬಳು ಹುಡುಗಿ ಬರೆದದ್ದು ಇನ್ನೂ ನನ್ನ ಹತ್ತಿರ ಇದೆ. "ಹೊಲದ ಪೂರ್ವ ಬದುವಿನಿಂದ ಹನ್ನೆರಡು ಹೆಜ್ಜೆ ಒಳಗೆ ಜೋಳದ ದಂಟು ಗುಂಡಾಗಿ ಮಲಗಿವೆ. ನಡುವೆ ಬೂದು ಬಣ್ಣದ, ಎತ್ತಿನ ಗಾತ್ರದ ಒಂದು ವಸ್ತು. ಮುಟ್ಟಿದರೆ ತಣ್ಣಗಿದೆ. ಹೊಗೆ ಇಲ್ಲ, ವಾಸನೆ ಇಲ್ಲ." ಹೀಗೇ ಅರ್ಧ ಪುಟ. ಕೊನೆಯಲ್ಲಿ "ಸ್ಥಳದಲ್ಲಿ ಹಾಜರಿದ್ದವರು: ಐದು ಮಂದಿ" ಅಂತ ಬರೆದು, ಐದನ್ನು ಹೊಡೆದು ಹಾಕಿ, ಮೇಲೆ ಸಣ್ಣ ಅಕ್ಷರದಲ್ಲಿ ಆರು ಅಂತ ತಿದ್ದಿದ್ದಳು.